ಗಡಿಯ ಆಚೆಗೊಂದು ದರ, ಈಚೆಗೊಂದು ದರ: ಅಮೆರಿಕದ ಕೌಂಟಿಗಳಲ್ಲಿ ಕೃಷಿ ಸಹಾಯಧನದ ಕಥೆ

2019ರ ಜುಲೈನಲ್ಲಿ ಅಮೆರಿಕದ ಕೃಷಿ ಇಲಾಖೆ ಒಂದು ಉದ್ದನೆಯ ಪಟ್ಟಿ ಹೊರಡಿಸಿತು. ಅದರ ಒಂದು ಸಾಲಿನಲ್ಲಿ ಕೌಂಟಿಗಳ ಹೆಸರು, ಎದುರಿಗೆ ಎಕರೆಗೆ ಇಷ್ಟು ಡಾಲರ್ ಎಂಬ ಅಂಕಿ. ಕನಿಷ್ಠ ದರ 15 ಡಾಲರ್, ಗರಿಷ್ಠ 150. ಹಿಂದಿನ ವರ್ಷ ಅಮೆರಿಕ ಚೀನಾದ ಸರಕಿನ ಮೇಲೆ ಸುಂಕ ಹೇರಿತ್ತು. ಅದಕ್ಕೆ ಉತ್ತರವಾಗಿ ಚೀನಾ ಅಮೆರಿಕದ ಸೋಯಾ ಮೇಲೆ ಶೇ 25ರಷ್ಟು ಸುಂಕ ಹಾಕಿತ್ತು. 2017ರಲ್ಲಿ ಸುಮಾರು 1,200 ಕೋಟಿ ಡಾಲರ್ ಬೆಲೆಯ ಸೋಯಾ ಕೊಂಡಿದ್ದ ಗಿರಾಕಿ ಮರುವರ್ಷ ಕೊಂಡದ್ದು ಅದರ ಕಾಲು ಭಾಗದಷ್ಟು ಮಾತ್ರ. ರೈತರ ನಷ್ಟ ತುಂಬಲೆಂದು ಬಂದ ಈ ಪರಿಹಾರದ ದರ ನಿಂತದ್ದು ಒಂದೇ ಪ್ರಶ್ನೆಯ ಮೇಲೆ: ಹೊಲ ಯಾವ ಕೌಂಟಿಯಲ್ಲಿದೆ? ಒಂದೇ ಮಣ್ಣು, ಒಂದೇ ಮಳೆ, ಎರಡೂ ಕಡೆ ಸೋಯಾ. ಆದರೂ ನಡುವೆ ಕೌಂಟಿಯ ಗಡಿ ಹಾದುಹೋಗಿದ್ದರೆ ಅಕ್ಕಪಕ್ಕದ ರೈತರ ಕೈಗೆ ಬಂದ ಹಣ ಬೇರೆ ಬೇರೆ. ದಕ್ಷಿಣದ ಹತ್ತಿ ಬೆಳೆಯುವ ಕೌಂಟಿಗಳಿಗೆ ಮೇಲಿನ ದರಗಳು ಸಿಕ್ಕವು. ಸೋಯಾ ವ್ಯಾಪಾರ ಕಳೆದುಕೊಂಡ ಮಧ್ಯಪಶ್ಚಿಮದ ಎಷ್ಟೋ ಕೌಂಟಿಗಳಿಗೆ ಅದರ ಅರ್ಧವೂ ದಕ್ಕಲಿಲ್ಲ.

ಅಮೆರಿಕದಲ್ಲಿ ಕೌಂಟಿಗಳು 3,000ಕ್ಕೂ ಹೆಚ್ಚಿವೆ. ಹಳ್ಳಿಗಾಡಿನ ಕೌಂಟಿಯನ್ನು ನಮ್ಮ ತಾಲ್ಲೂಕು, ಜಿಲ್ಲೆಗಳ ನಡುವಿನ ಒಂದು ಆಡಳಿತ ಘಟಕ ಎಂದುಕೊಳ್ಳಬಹುದು. ಅದರ ಮುಖ್ಯ ಪಟ್ಟಣದಲ್ಲಿ ನ್ಯಾಯಾಲಯ, ಧಾನ್ಯದ ಎತ್ತರದ ಉಗ್ರಾಣ, ಟ್ರ್ಯಾಕ್ಟರ್ ಅಂಗಡಿ ಇವುಗಳ ಜೊತೆಗೆ ಕೇಂದ್ರ ಕೃಷಿ ಇಲಾಖೆಯ ಒಂದು ಸಣ್ಣ ಕಚೇರಿಯೂ ಇರುತ್ತದೆ. ರೈತ ತಾನು ಬಿತ್ತಿದ ಎಕರೆಗಳ ಲೆಕ್ಕ ಒಪ್ಪಿಸುವುದು, ಯೋಜನೆಗೆ ಹೆಸರು ಬರೆಸುವುದು, ಸಾಲಕ್ಕೆ ಅರ್ಜಿ ಹಾಕುವುದು ಎಲ್ಲವೂ ಅಲ್ಲಿಯೇ. ಅಲ್ಲಿನ ಕೌಂಟಿ ಸಮಿತಿಯ ಸದಸ್ಯರನ್ನು ಸ್ಥಳೀಯ ರೈತರೇ ಚುನಾಯಿಸುತ್ತಾರೆ. ವಾಷಿಂಗ್ಟನ್‌ನಲ್ಲಿ ಶಾಸನವಾದ ಯೋಜನೆ ರೈತನ ಖಾತೆಗೆ ಇಳಿಯುವ ಮೊದಲು ಈ ಕಚೇರಿಯ ಬಾಗಿಲು ದಾಟಬೇಕು. ದೇಶದ ಒಟ್ಟು ಮೊತ್ತದಲ್ಲಿ ಕಾಣದ ಸತ್ಯಗಳು ಕೌಂಟಿಯ ಮಟ್ಟದಲ್ಲಿ ಎದ್ದು ಕಾಣುವುದು ಇದೇ ಕಾರಣಕ್ಕೆ.

ಈ ವ್ಯವಸ್ಥೆ ಹುಟ್ಟಿದ್ದು 1933ರ ಮೇ 12ರಂದು. ಆಗ ಹತ್ತಿಯ ಬೆಲೆ ಪೌಂಡಿಗೆ 6 ಸೆಂಟಿನ ಆಸುಪಾಸಿಗೆ ಕುಸಿದಿತ್ತು. ಮೆಕ್ಕೆಜೋಳವನ್ನು ಮಾರುವ ಬದಲು ಒಲೆಗೆ ಹಾಕಿ ಮನೆ ಬೆಚ್ಚಗಿಟ್ಟುಕೊಂಡ ರೈತರಿದ್ದರು. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಸಹಿ ಹಾಕಿದ ಕೃಷಿ ಹೊಂದಾಣಿಕೆ ಕಾಯ್ದೆಯ ತರ್ಕ ಸರಳವಾಗಿತ್ತು: ಬೆಳೆ ಕಡಿಮೆಯಾದರೆ ಬೆಲೆ ಏರುತ್ತದೆ, ಆದ್ದರಿಂದ ಬೆಳೆಯದೆ ಇದ್ದುದಕ್ಕೆ ಹಣ ಕೊಡೋಣ. ಕಾಯ್ದೆ ಬರುವ ಹೊತ್ತಿಗೆ ಹತ್ತಿ ಆಗಲೇ ಮೊಳೆತು ನಿಂತಿತ್ತು. ಹೀಗಾಗಿ ಆ ಬೇಸಿಗೆಯಲ್ಲಿ ಒಂದು ಕೋಟಿ ಎಕರೆಯಷ್ಟು ಹತ್ತಿಯನ್ನು ಉತ್ತು ಮಣ್ಣುಪಾಲು ಮಾಡಿಸಲಾಯಿತು. ಸಾಲಿನ ನಡುವೆಯೇ ನಡೆಯಲು ಪಳಗಿದ್ದ ಹೇಸರಗತ್ತೆಗಳು ಗಿಡಗಳನ್ನು ತುಳಿಯಲು ಒಪ್ಪದೆ ನಿಂತವು ಎಂದು ಆ ಕಾಲದವರು ಹೇಳುತ್ತಿದ್ದರು. ಸುಮಾರು 60 ಲಕ್ಷ ಹಂದಿಮರಿಗಳನ್ನು ಕೊಲ್ಲಲಾಯಿತು. ಊಟಕ್ಕಿಲ್ಲದವರು ಬೀದಿಯಲ್ಲಿ ಸಾಲುಗಟ್ಟಿದ್ದ ದೇಶದಲ್ಲಿ ಇದು ಎಂಥ ನೋವಿನ ದೃಶ್ಯವಾಗಿದ್ದಿರಬೇಕು. ಕೃಷಿ ಕಾರ್ಯದರ್ಶಿ ಹೆನ್ರಿ ವ್ಯಾಲೆಸ್ ಅವರಿಗೂ ಅದು ಹಿತವಾದ ಕೆಲಸವಾಗಿರಲಿಲ್ಲ.

ಬೆಲೆ ಏರಿತು. ಭೂಮಾಲೀಕರು ಉಸಿರಾಡಿದರು. ಆದರೆ ಮೊದಲ ಕೌಂಟಿ ಪಾಠವೂ ಆಗಲೇ ಬಂತು. ಅರ್ಕಾನ್ಸಾ ರಾಜ್ಯದ ಪಾಯಿನ್‌ಸೆಟ್ ಕೌಂಟಿಯಲ್ಲಿ ಟೈರೋನ್ಸಾ ಎಂಬ ಪುಟ್ಟ ಊರಿದೆ. ಸುತ್ತಲಿನ ಹತ್ತಿ ತೋಟಗಳಲ್ಲಿ ದುಡಿಯುತ್ತಿದ್ದವರು ಪಾಲಿಗೆ ಉಳುವ ಬಡ ಕುಟುಂಬಗಳು. ಕರಿಯರು, ಬಿಳಿಯರು ಇಬ್ಬರೂ. 1934-35ರ ಹತ್ತಿ ಒಪ್ಪಂದದಲ್ಲಿ ಬೆಳೆಯದೆ ಬಿಟ್ಟ ಪ್ರತಿ ಪೌಂಡಿಗೆ ಸರ್ಕಾರ ಕೊಡುತ್ತಿದ್ದದ್ದು ನಾಲ್ಕೂವರೆ ಸೆಂಟ್. ಅದರಲ್ಲಿ ನಾಲ್ಕು ಸೆಂಟ್ ಮಾಲೀಕನಿಗೆ, ಅರ್ಧ ಸೆಂಟ್ ಪಾಲಿಗೆ ಉಳುವವನಿಗೆ. ಆ ಅರ್ಧ ಸೆಂಟೂ ಬರುತ್ತಿದ್ದದ್ದು ಮಾಲೀಕನ ಕೈಯಿಂದಲೇ. ಬಿತ್ತನೆ ಕಡಿಮೆಯಾದ ಮೇಲೆ ಅಷ್ಟು ಜನ ಯಾಕೆ ಬೇಕು ಎಂದು ಮಾಲೀಕರು ಕುಟುಂಬಗಳನ್ನೇ ಎಬ್ಬಿಸತೊಡಗಿದರು. ಕೈಗೆ ಬಂದ ಹಣದಲ್ಲಿ ಟ್ರ್ಯಾಕ್ಟರ್ ಕೊಂಡವರೂ ಉಂಟು.

1934ರ ಜುಲೈನಲ್ಲಿ ಟೈರೋನ್ಸಾ ಬಳಿಯ ಒಂದು ಶಾಲೆಯಲ್ಲಿ 11 ಮಂದಿ ಬಿಳಿಯರು, 7 ಮಂದಿ ಕರಿಯರು ಒಟ್ಟಿಗೆ ಕೂತು ದಕ್ಷಿಣ ಗೇಣಿದಾರರ ಸಂಘ ಕಟ್ಟಿದರು. ವರ್ಣಭೇದ ಅಲ್ಲಿನ ಕಾನೂನೇ ಆಗಿದ್ದ ದಿನಗಳಲ್ಲಿ ಇದು ಸಣ್ಣ ಧೈರ್ಯವಲ್ಲ. ಎಚ್. ಎಲ್. ಮಿಚೆಲ್, ಕ್ಲೇ ಈಸ್ಟ್ ಅದರ ಮುಂದಾಳುಗಳು. ಸರ್ಕಾರದ ಹಣ ಉಳುವವನಿಗೆ ನೇರವಾಗಿ ಬರಲಿ, ಒಪ್ಪಂದ ಇರುವಷ್ಟು ಕಾಲ ಅವನನ್ನು ಎಬ್ಬಿಸದಿರಲಿ ಎಂಬುದು ಅವರ ಕೇಳಿಕೆ. ವಾಷಿಂಗ್ಟನ್‌ನಲ್ಲಿ ಜೆರೋಮ್ ಫ್ರಾಂಕ್ ಮತ್ತು ಸಂಗಡಿಗ ವಕೀಲರು ಇದರ ಪರವಾಗಿ ನಿಂತರು. 1935ರ ಫೆಬ್ರವರಿಯಲ್ಲಿ ಅವರನ್ನೇ ಕೆಲಸದಿಂದ ತೆಗೆದುಹಾಕಲಾಯಿತು. ದಕ್ಷಿಣದ ತೋಟದ ಮಾಲೀಕರ ಮತ ಮತ್ತು ಅವರ ಸೆನೆಟರುಗಳನ್ನು ಎದುರು ಹಾಕಿಕೊಳ್ಳಲು ಆಡಳಿತಕ್ಕೆ ಮನಸ್ಸಿರಲಿಲ್ಲ. ಅಮೆರಿಕದ ಕೃಷಿ ಸಹಾಯಧನದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ತಪ್ಪು ಹೆಜ್ಜೆ ಇನ್ನೊಂದಿಲ್ಲ. ಮುಂದಿನ ಎಷ್ಟೋ ಅನ್ಯಾಯಗಳ ಬೇರು ಈ ತೀರ್ಮಾನದಲ್ಲಿದೆ.

ಕಾನೂನಿನ ಹಾದಿಯೂ ನೇರವಾಗಿರಲಿಲ್ಲ. 1936ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ 1933ರ ವ್ಯವಸ್ಥೆಯನ್ನು ರದ್ದು ಮಾಡಿತು. ಮಣ್ಣಿನ ಸಂರಕ್ಷಣೆಯ ಹೆಸರಿನಲ್ಲಿ ಅದು ಅದೇ ವರ್ಷ ಮರಳಿತು, 1938ರಲ್ಲಿ ಇನ್ನಷ್ಟು ಗಟ್ಟಿಯಾಯಿತು. ಆ ಕಾಯ್ದೆಯಡಿ ಓಹಾಯೋದ ರೈತ ರಾಸ್ಕೋ ಫಿಲ್ಬರ್ನ್ ಅವರಿಗೆ ಗೋಧಿ ಬಿತ್ತಲು ನಿಗದಿಯಾಗಿದ್ದದ್ದು 11.1 ಎಕರೆ, ಅವರು ಬಿತ್ತಿದ್ದು 23 ಎಕರೆ. ಹೆಚ್ಚುವರಿಯಾಗಿ ಬೆಳೆದ 239 ಬುಷೆಲ್‌ಗೆ 117 ಡಾಲರ್ 11 ಸೆಂಟ್ ದಂಡ ಬಿತ್ತು. ಗೋಧಿಯಲ್ಲಿ ಒಂದು ಪಾಲು ತನ್ನ ದನಕರುಗಳಿಗೆ, ತನ್ನ ಮನೆಗೆ ಎಂಬ ಅವರ ವಾದವನ್ನು 1942ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ತಳ್ಳಿಹಾಕಿತು. ಅಮೆರಿಕದ ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುವ ತೀರ್ಪು ಅದು.

ಮಿಸಿಸಿಪಿಯ ಸನ್‌ಫ್ಲವರ್ ಕೌಂಟಿಯತ್ತ ಬಂದರೆ ಇಡೀ ಪ್ರಶ್ನೆ ಮನುಷ್ಯರ ರೂಪದಲ್ಲಿ ನಿಲ್ಲುತ್ತದೆ. ಸೆನೆಟರ್ ಜೇಮ್ಸ್ ಈಸ್ಟ್‌ಲ್ಯಾಂಡ್ ಅವರ ಸಾವಿರಾರು ಎಕರೆಯ ಹತ್ತಿ ತೋಟ ಅಲ್ಲಿನ ಡಾಡ್ಸ್‌ವಿಲ್‌ನಲ್ಲಿತ್ತು. ಅವರು ಸೆನೆಟ್‌ನ ಕೃಷಿ ಸಮಿತಿಯಲ್ಲೂ ಇದ್ದರು. 1960ರ ದಶಕದ ಕೊನೆಯಲ್ಲಿ ಆ ತೋಟಕ್ಕೆ ವರ್ಷಕ್ಕೆ ಒಂದು ಲಕ್ಷ ಡಾಲರಿಗೂ ಹೆಚ್ಚು ಸಹಾಯಧನ ಬರುತ್ತಿತ್ತು. ಅದೇ ಕೌಂಟಿಯ ರೂಲ್‌ವಿಲ್‌ನಲ್ಲಿದ್ದವರು ಫ್ಯಾನಿ ಲೂ ಹೇಮರ್. ಚಿಕ್ಕಂದಿನಿಂದ ಹತ್ತಿ ಬಿಡಿಸಿದ ಕೈಗಳು ಅವರವು. 1962ರಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದದ್ದಕ್ಕೆ ಅವರನ್ನು ದುಡಿಯುತ್ತಿದ್ದ ತೋಟದಿಂದ ಹೊರಹಾಕಲಾಯಿತು. ಹತ್ತಿ ಬಿಡಿಸುವ ಯಂತ್ರ, ಕಳೆನಾಶಕ, ಬಿತ್ತನೆ ಮಿತಿಯ ಯೋಜನೆ ಮೂರೂ ಸೇರಿ ಆ ಹೊತ್ತಿಗೆ ಕೂಲಿಯೇ ಇಲ್ಲದಂತಾಗಿತ್ತು. 1969ರಲ್ಲಿ ಹೇಮರ್ ಅವರು 40 ಎಕರೆಯಲ್ಲಿ ಸಹಕಾರಿ ಬೇಸಾಯ ಆರಂಭಿಸಿದರು. ಹಂದಿಮರಿ ಸಾಕಲು ಕೊಟ್ಟು, ಅದು ಹಾಕಿದ ಮರಿಗಳಲ್ಲಿ ಕೆಲವನ್ನು ಮತ್ತೊಂದು ಮನೆಗೆ ದಾಟಿಸುವ ಏರ್ಪಾಡು ಮಾಡಿದರು. ಕೆಲವೇ ವರ್ಷಗಳಲ್ಲಿ ಆ ಬೇಸಾಯ ನೂರಾರು ಎಕರೆಗೆ ಬೆಳೆಯಿತು. ಅಷ್ಟೇ ಬೇಗ ಸಾಲ, ಬರ, ನೆರೆ, ಅವರ ಅನಾರೋಗ್ಯಗಳಿಂದ 1970ರ ದಶಕದ ನಡುವೆ ಮುಚ್ಚಿತು. ದೇಣಿಗೆಯ ಹಣದಿಂದ ನಡೆದ ಹೇಮರ್ ಅವರ ಹೊಲಕ್ಕೆ ಈಸ್ಟ್‌ಲ್ಯಾಂಡ್ ತೋಟಕ್ಕಿದ್ದಂಥ ಆಸರೆ ಇರಲಿಲ್ಲ. 1930ರಲ್ಲಿ 66 ಸಾವಿರ ಜನರಿದ್ದ ಸನ್‌ಫ್ಲವರ್ ಕೌಂಟಿಯಲ್ಲಿ 2020ರ ಜನಗಣತಿಗೆ ಸಿಕ್ಕವರು 26 ಸಾವಿರದಷ್ಟು.

ಕೌಂಟಿ ಸಮಿತಿ ಎಂದರೆ ಕೇಳಲು ಚೆನ್ನ: ಊರಿನ ಹಣದ ಮಾತನ್ನು ಊರಿನ ರೈತರೇ ತೀರ್ಮಾನಿಸುವುದು. ದಕ್ಷಿಣದಲ್ಲಿ ಆ ಸಮಿತಿಗಳಲ್ಲಿ ದಶಕಗಳ ಕಾಲ ಕೂತವರು ಬಹುಪಾಲು ಬಿಳಿಯ ಭೂಮಾಲೀಕರು. ಯಾರ ಸಾಲದ ಅರ್ಜಿ ಬಿತ್ತನೆಗೆ ಮೊದಲು ಮಂಜೂರಾಗಬೇಕು, ಯಾರದ್ದು ಬಿತ್ತನೆ ಮುಗಿದ ಮೇಲೆ ಎಂಬುದು ಅವರ ಕೈಯಲ್ಲಿತ್ತು. 1997ರಲ್ಲಿ ಉತ್ತರ ಕ್ಯಾರೊಲೈನಾದ ತಿಮೋತಿ ಪಿಗ್‌ಫೋರ್ಡ್ ಮತ್ತಿತರ ಕಪ್ಪು ರೈತರು ಕೃಷಿ ಇಲಾಖೆಯ ಮೇಲೆ ಮೊಕದ್ದಮೆ ಹೂಡಿದರು. ಆಗ್ನೇಯದ ಕೆಲವು ರಾಜ್ಯಗಳಲ್ಲಿ ಕಪ್ಪು ರೈತನ ಅರ್ಜಿ ಇತ್ಯರ್ಥವಾಗಲು ಬಿಳಿಯ ರೈತನದಕ್ಕಿಂತ ಸರಾಸರಿ ಮೂರು ಪಟ್ಟು ಸಮಯ ಹಿಡಿಯುತ್ತಿತ್ತು ಎಂಬುದು ನ್ಯಾಯಾಲಯದ ದಾಖಲೆಯಲ್ಲಿದೆ. ಬೇಸಾಯದಲ್ಲಿ ತಡವಾಗಿ ಬಂದ ಸಾಲ ಬಾರದ ಸಾಲಕ್ಕೆ ಸಮ. ಮಳೆ ಯಾರ ಕಡತಕ್ಕೂ ಕಾಯುವುದಿಲ್ಲ.

1999ರಲ್ಲಿ ನ್ಯಾಯಾಧೀಶ ಪಾಲ್ ಫ್ರೀಡ್‌ಮನ್ ಅವರು ಮಾನ್ಯ ಮಾಡಿದ ಒಪ್ಪಂದದಂತೆ ಹೆಚ್ಚಿನವರಿಗೆ ತಲಾ 50 ಸಾವಿರ ಡಾಲರ್ ಸಿಕ್ಕಿತು. ಗಡುವು ಮೀರಿ ಬಂದ ಹತ್ತಾರು ಸಾವಿರ ಜನರಿಗಾಗಿ 2010ರ ಹೊತ್ತಿಗೆ ಸಂಸತ್ತು ಇನ್ನೂ ಒಟ್ಟು 125 ಕೋಟಿ ಡಾಲರ್ ಒದಗಿಸಬೇಕಾಯಿತು. 2021ರಲ್ಲಿ ಅಲ್ಪಸಂಖ್ಯಾತ ರೈತರ ಸಾಲ ಮನ್ನಾಕ್ಕೆಂದು ಇಟ್ಟ 400 ಕೋಟಿ ಡಾಲರಿನ ಯೋಜನೆಯನ್ನು, ಬಣ್ಣದ ಆಧಾರದ ಮೇಲೆ ಹಣ ಹಂಚುವಂತಿಲ್ಲ ಎಂಬ ಬಿಳಿಯ ರೈತರ ದೂರಿನ ಮೇಲೆ ನ್ಯಾಯಾಲಯಗಳು ತಡೆದವು. ಮರುವರ್ಷ ಅದನ್ನು ಕೈಬಿಟ್ಟು, ತಾರತಮ್ಯಕ್ಕೆ ಗುರಿಯಾದವರಿಗೆಂಬ ಬೇರೆ ಯೋಜನೆ ತಂದರು. 2024ರಲ್ಲಿ 43 ಸಾವಿರಕ್ಕೂ ಹೆಚ್ಚು ಜನರಿಗೆ ಒಟ್ಟು 200 ಕೋಟಿ ಡಾಲರಿನಷ್ಟು ಹಣ ಹೋಯಿತು. 1920ರಲ್ಲಿ 9 ಲಕ್ಷಕ್ಕೂ ಹೆಚ್ಚಿದ್ದ ಕಪ್ಪು ಬೇಸಾಯಗಾರರು ಈಗ 50 ಸಾವಿರಕ್ಕಿಂತ ಕಡಿಮೆ. ಆ ಕುಸಿತಕ್ಕೆ ಸಹಾಯಧನವೊಂದೇ ಕಾರಣವಲ್ಲ. ಆದರೆ ಉಳಿಸಬೇಕಿದ್ದ ಕಚೇರಿಯೇ ಕೈಬಿಟ್ಟಿತು ಎಂಬ ದೂರು ಅಲ್ಲಗಳೆಯಲಾಗದಂಥದು.

ಹಣದ ಲೆಕ್ಕ ಹೇಗೆ ನಡೆಯುತ್ತದೆ? ಇದರ ತಿರುಳು ಮೂಲ ಎಕರೆ ಎಂಬ ಕಲ್ಪನೆ. ಒಂದು ಜಮೀನಿನಲ್ಲಿ ಹಿಂದಿನ ಯಾವುದೋ ಕೆಲವು ವರ್ಷ ಮೆಕ್ಕೆಜೋಳ, ಗೋಧಿ, ಹತ್ತಿ, ಭತ್ತ ಇಂಥವನ್ನು ಎಷ್ಟು ಎಕರೆ ಬಿತ್ತಿದ್ದರು ಎಂಬುದು ದಾಖಲೆಯಲ್ಲಿ ಅಚ್ಚಾಗಿ ಕೂತಿದೆ. ಸಹಾಯಧನ ಆ ಎಕರೆಗಳಿಗೆ. ಈಗ ಅಲ್ಲಿ ಏನು ಬಿತ್ತಿದ್ದಾರೆ ಎಂಬುದು ಬಹುಮಟ್ಟಿಗೆ ಗಣನೆಗೆ ಬರುವುದಿಲ್ಲ. ಮೆಕ್ಕೆಜೋಳದ ಮೂಲ ಎಕರೆಯಲ್ಲಿ ಸೋಯಾ ಹಾಕಿದರೂ ಮೆಕ್ಕೆಜೋಳದ ಲೆಕ್ಕದಲ್ಲೇ ಹಣ. ತರಕಾರಿ, ಹಣ್ಣು ಬೆಳೆಯುವ ರೈತರಿಗೆ ಈ ಬಾಗಿಲು ತೆರೆಯುವುದೇ ಇಲ್ಲ.

1996ರ ಕಾಯ್ದೆ ಬೆಲೆಗೂ ಬಿತ್ತನೆಗೂ ಸಂಬಂಧವಿಲ್ಲದ ನಿಗದಿತ ಹಣವನ್ನು ವರ್ಷ ವರ್ಷ ಕೊಡತೊಡಗಿತು. ಆಗ ಟೆಕ್ಸಸ್‌ನ ಭತ್ತದ ಸೀಮೆಯಲ್ಲಿ ಹೊಲಗಳನ್ನು ಮನೆ ನಿವೇಶನಗಳಾಗಿ ಕೊಂಡವರಿಗೂ, ಭತ್ತದ ಕಾಳನ್ನೇ ಬಿತ್ತದವರಿಗೂ, ಹಿಂದೆ ಅಲ್ಲಿ ಭತ್ತವಿತ್ತು ಎಂಬ ಕಾರಣಕ್ಕೆ ಚೆಕ್ ಬಂತು. 2006ರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ನಡೆಸಿದ ತನಿಖೆ ಹೇಳಿದಂತೆ 2000ದಿಂದ ಬೇಸಾಯವನ್ನೇ ಮಾಡದವರಿಗೆ ಹೋದ ಹಣ ಕನಿಷ್ಠ 130 ಕೋಟಿ ಡಾಲರ್. ಮರುವರ್ಷ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಇನ್ನೊಂದು ವರದಿ ಕೊಟ್ಟಿತು: 1999ರಿಂದ 2005ರವರೆಗೆ 1 ಲಕ್ಷ 72 ಸಾವಿರಕ್ಕೂ ಹೆಚ್ಚು ಮೃತರ ಹೆಸರಿನಲ್ಲಿ 110 ಕೋಟಿ ಡಾಲರ್ ಪಾವತಿಯಾಗಿತ್ತು. ಮೃತನ ಆಸ್ತಿ ಇತ್ಯರ್ಥವಾಗುವವರೆಗೆ ಸ್ವಲ್ಪ ಕಾಲ ಹಣ ಕೊಡಲು ನಿಯಮದಲ್ಲೇ ಅವಕಾಶವಿದೆ, ನಿಜ. ಆದರೆ ಅದು ಸರಿಯೋ ಎಂದು ವರ್ಷ ವರ್ಷ ಪರಿಶೀಲಿಸಬೇಕಿದ್ದ ಕಚೇರಿಗಳು ಎಷ್ಟೋ ಕಡೆ ಆ ಕೆಲಸ ಮಾಡಿರಲಿಲ್ಲ. ನಿಗದಿತ ಹಣದ ಪದ್ಧತಿ 2014ರ ಕಾಯ್ದೆಯೊಂದಿಗೆ ಮುಗಿಯಿತು.

ಅದರ ಬದಲಿಗೆ ಬಂದದ್ದು ಎರಡು ದಾರಿ. ಒಂದು, ಬೆಲೆ ಕಾನೂನಿನಲ್ಲಿ ಬರೆದ ಆಧಾರ ಬೆಲೆಗಿಂತ ಇಳಿದರೆ ವ್ಯತ್ಯಾಸ ತುಂಬುವುದು. ಇನ್ನೊಂದು, ಇಡೀ ಕೌಂಟಿಯ ಎಕರೆವಾರು ಆದಾಯ ಕುಸಿದರೆ ಪರಿಹಾರ ಕೊಡುವುದು. ಎರಡನೆಯದರ ಲೆಕ್ಕ ಹೀಗೆ: ಐದು ವರ್ಷಗಳಲ್ಲಿ ಅತಿ ಹೆಚ್ಚು, ಅತಿ ಕಡಿಮೆ ಎರಡನ್ನೂ ಬಿಟ್ಟು ಉಳಿದ ಮೂರರ ಸರಾಸರಿ ತೆಗೆಯುತ್ತಾರೆ. ಅದು 700 ಡಾಲರ್ ಎಂದುಕೊಳ್ಳೋಣ. 2014ರ ನಿಯಮದಂತೆ ಖಾತರಿ ಅದರ ಶೇ 86, ಅಂದರೆ 602 ಡಾಲರ್. ಈ ವರ್ಷ ಕೌಂಟಿಯ ಆದಾಯ 560 ಡಾಲರಿಗೆ ಇಳಿದರೆ 42 ಡಾಲರಿನ ಕೊರತೆ. ಅದು ಮೂಲ ಎಕರೆಗಳ ಶೇ 85ಕ್ಕೆ ಮಾತ್ರ ಸಿಗುತ್ತದೆ. ಕೌಂಟಿ ಚೆನ್ನಾಗಿ ಬೆಳೆದು ಒಬ್ಬನ ಹೊಲ ಮಾತ್ರ ಆಲಿಕಲ್ಲಿಗೆ ಸಿಕ್ಕಿದ್ದರೆ ಅವನಿಗೆ ಏನೂ ಇಲ್ಲ. ಅವನ ಬೆಳೆ ಚೆನ್ನಾಗಿದ್ದು ಕೌಂಟಿ ಸೋತಿದ್ದರೆ ಅವನಿಗೂ ಉಂಟು.

ಕೌಂಟಿಯ ಇಳುವರಿ ಎಷ್ಟೆಂದು ಹೇಳುವವರು ಯಾರು? ಮೊದಲ ವರ್ಷಗಳಲ್ಲಿ ಅಂಕಿಅಂಶ ಇಲಾಖೆಯ ಅಂಚೆ, ದೂರವಾಣಿ ಸಮೀಕ್ಷೆಯ ಮೇಲೆ ಇದು ನಿಂತಿತ್ತು. ಕನಿಷ್ಠ 30 ರೈತರು ಉತ್ತರಿಸಬೇಕು, ಇಲ್ಲವೇ ಕಟಾವಾದ ಜಮೀನಿನ ಕಾಲು ಭಾಗದ ಲೆಕ್ಕವಾದರೂ ಬಂದಿರಬೇಕು. ಎಷ್ಟೋ ಕಡೆ ಕೆಲಸದ ಗಡಿಬಿಡಿಯಲ್ಲಿ ರೈತರು ಉತ್ತರ ಬರೆಯಲಿಲ್ಲ. ಅಂಥ ಕೌಂಟಿಗಳಿಗೆ ವಿಮೆಯ ದಾಖಲೆಯನ್ನೋ ಬೇರೆ ಅಂದಾಜನ್ನೋ ಹಚ್ಚಿದರು. 2014ರ ಬೆಳೆಯ ಹಣ ಮರುವರ್ಷ ಬಂದಾಗ ಒಂದು ಕೌಂಟಿಗೆ ಸೊನ್ನೆ, ಪಕ್ಕದ ಕೌಂಟಿಗೆ ಎಕರೆಗೆ ಹತ್ತಾರು ಡಾಲರ್. ದೂರುಗಳು ಸಂಸತ್ತಿನವರೆಗೆ ಹೋದವು. 2018ರ ಕಾಯ್ದೆಯ ನಂತರ ಬೆಳೆ ವಿಮೆಯ ಇಳುವರಿ ದಾಖಲೆಯನ್ನು ಮೊದಲು ನೋಡುವ ಪದ್ಧತಿ ಬಂತು. ತಂಟೆ ಕಡಿಮೆಯಾಯಿತು, ಗಡಿ ಮಾತ್ರ ಅಲ್ಲಿಯೇ ಇದೆ.

ಯಾರಿಗೆ ಎಷ್ಟು ಎಂಬುದು ಜನಕ್ಕೆ ಗೊತ್ತಾದದ್ದು 2001ರ ನಂತರ. ಆ ವರ್ಷದ ಕೊನೆಗೆ ಎನ್ವಿರಾನ್‌ಮೆಂಟಲ್ ವರ್ಕಿಂಗ್ ಗ್ರೂಪ್ ಎಂಬ ಸಂಸ್ಥೆ, ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಡಿ ಪಡೆದ ದಾಖಲೆಗಳಿಂದ ಕೌಂಟಿವಾರು ಪಟ್ಟಿ ಮಾಡಿ ಎಲ್ಲರ ಮುಂದಿಟ್ಟಿತು. ಹಳ್ಳಿಯ ಹೋಟೆಲುಗಳಲ್ಲಿ ನೆರೆಯವನ ಮೊತ್ತದ ಮಾತು ಬಿಸಿಯಾಯಿತು. ಬ್ಯಾಸ್ಕೆಟ್‌ಬಾಲ್ ತಾರೆ ಸ್ಕಾಟಿ ಪಿಪ್ಪೆನ್, ಬ್ಯಾಂಕರ್ ಡೇವಿಡ್ ರಾಕ್‌ಫೆಲ್ಲರ್, ಟಿ.ವಿ. ಉದ್ಯಮಿ ಟೆಡ್ ಟರ್ನರ್ ಹೆಸರುಗಳೂ ಅದರಲ್ಲಿದ್ದವು. ಪಟ್ಟಿಯ ನೆತ್ತಿಯಲ್ಲಿದ್ದದ್ದು ಅರ್ಕಾನ್ಸಾದ ಸ್ಟುಟ್‌ಗಾರ್ಟ್ ಪಟ್ಟಣದ ರೈಸ್‌ಲ್ಯಾಂಡ್ ಫುಡ್ಸ್. ಇಲ್ಲಿ ಒಂದು ಎಚ್ಚರ ಬೇಕು: ಅದು ಸಾವಿರಾರು ಭತ್ತದ ರೈತರ ಸಹಕಾರ ಸಂಘ, ಬಂದ ಹಣ ಸದಸ್ಯರಿಗೆ ಹಂಚಿಹೋಗುತ್ತದೆ. ದೊಡ್ಡ ಅಂಕಿ ಕಂಡಲ್ಲೆಲ್ಲ ದೊಡ್ಡ ಮೋಸವಿದೆ ಎಂದುಕೊಳ್ಳುವುದು ತಪ್ಪು.

ಹಾಗೆಂದು ಹಂಚಿಕೆ ನ್ಯಾಯವಾಗಿದೆ ಎಂದಲ್ಲ. 1995ರಿಂದೀಚೆಗೆ ಬೆಳೆ ಸಹಾಯಧನದ ಮುಕ್ಕಾಲು ಪಾಲಿಗೂ ಹೆಚ್ಚು ಹಣ ಪಡೆದವರು ಮೇಲಿನ ಶೇ 10ರಷ್ಟು ಫಲಾನುಭವಿಗಳು. ಅಮೆರಿಕದ 19 ಲಕ್ಷ ಜಮೀನುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಸರ್ಕಾರದಿಂದ ಒಂದು ಡಾಲರೂ ಬರುವುದಿಲ್ಲ. ದೇಶದ ಧಾನ್ಯದ ಬಹುಭಾಗ ಬೆಳೆಯುವವರು ದೊಡ್ಡ ರೈತರೇ, ನಷ್ಟದ ಭಾರವೂ ಅವರದೇ ಎಂಬ ವಾದವಿದೆ. ಆ ವಾದದಲ್ಲಿ ಹುರುಳಿದೆ. ಆದರೆ ಹತ್ತು ಸಾವಿರ ಎಕರೆಯವನಿಗೆ ಬೆಲೆ ಕುಸಿದ ವರ್ಷ ದೊಡ್ಡ ಚೆಕ್ ಬಂದರೆ, ಅವನು ಪಕ್ಕದ ಮುನ್ನೂರು ಎಕರೆಯವನಿಗಿಂತ ಹೆಚ್ಚಿನ ಬೆಲೆಗೆ ಜಮೀನು ಕೊಳ್ಳಬಲ್ಲ, ಹೆಚ್ಚಿನ ಗುತ್ತಿಗೆ ಕೊಡಬಲ್ಲ. ಕಷ್ಟಕಾಲದ ಆಸರೆ ಹೀಗೆ ಸಣ್ಣವರನ್ನು ಸ್ಪರ್ಧೆಯಿಂದ ಹೊರಗೆ ತಳ್ಳುತ್ತದೆ. ಒಬ್ಬರಿಗೆ ಇಷ್ಟೇ ಎಂಬ ಮಿತಿ 1970ರಿಂದ ಇದೆ. ಮಿತಿ ದಾಟಲು ಒಂದೇ ಜಮೀನನ್ನು ಹತ್ತಾರು ಪಾಲುದಾರಿಕೆಗಳಾಗಿ ಕಾಗದದ ಮೇಲೆ ಕವಲೊಡೆಸುವ ಕಲೆಗೆ ‘ಮಿಸಿಸಿಪಿ ಕ್ರಿಸ್‌ಮಸ್ ಮರ’ ಎಂಬ ಹೆಸರೇ ಬಿತ್ತು. 2018ರಲ್ಲಿ ಕಾಯ್ದೆಯೇ ಸೋದರಸಂಬಂಧಿಗಳನ್ನೂ ಒಡಹುಟ್ಟಿದವರ ಮಕ್ಕಳನ್ನೂ ಪಾಲುದಾರ ಕುಟುಂಬದೊಳಗೆ ಸೇರಿಸಿತು.

ಇನ್ನು ಗೇಣಿಯ ಪ್ರಶ್ನೆ. ಅಮೆರಿಕದ ಕೃಷಿಭೂಮಿಯ ಶೇ 39ರಷ್ಟು ಗುತ್ತಿಗೆಯಲ್ಲಿದೆ. ಅದರ ಬಹುಪಾಲಿನ ಒಡೆಯರು ಸ್ವತಃ ಬೇಸಾಯ ಮಾಡದವರು. ಇಂದಿನ ನಿಯಮದಲ್ಲಿ ರೊಕ್ಕದ ಗುತ್ತಿಗೆಯಾದರೆ ಸಹಾಯಧನ ಉಳುವವನಿಗೆ, ಪಾಲಿನ ಗುತ್ತಿಗೆಯಾದರೆ ಇಬ್ಬರಿಗೂ. 1934ಕ್ಕೆ ಹೋಲಿಸಿದರೆ ಇದು ದೊಡ್ಡ ಸುಧಾರಣೆ. ಆದರೆ ಚೆಕ್ ಬರುತ್ತದೆ ಎಂದು ಒಡೆಯನಿಗೆ ಗೊತ್ತಿದ್ದರೆ ಮುಂದಿನ ವರ್ಷದ ಗುತ್ತಿಗೆ ಏರುತ್ತದೆ. ಅರ್ಥಶಾಸ್ತ್ರಜ್ಞ ಬ್ಯಾರೆಟ್ ಕಿರ್ವನ್ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಸಹಾಯಧನದ ಪ್ರತಿ ಡಾಲರಿನಲ್ಲಿ ಸುಮಾರು 25 ಸೆಂಟ್ ಹೀಗೆ ಗುತ್ತಿಗೆಯ ಮೂಲಕ ಒಡೆಯನ ಕಿಸೆ ಸೇರುತ್ತದೆ. ಪೂರ್ತಿ ಹಣ ಒಡೆಯನದೇ ಎಂದು ಹಿಂದಿನವರು ಊಹಿಸಿದ್ದಕ್ಕಿಂತ ಇದು ಕಡಿಮೆ. ಹಾಗಾದರೂ ಪೇಟೆಯಲ್ಲಿ ಕೂತವನಿಗೆ ಕಾಲು ಪಾಲು ಎಂಬುದು ಸಣ್ಣ ಮಾತಲ್ಲ.

ಹಣ ಬಂದ ಊರು ಉದ್ಧಾರವಾಯಿತೇ? 2005ರಲ್ಲಿ ಕ್ಯಾನ್ಸಸ್ ಸಿಟಿಯ ಫೆಡರಲ್ ರಿಸರ್ವ್ ಬ್ಯಾಂಕಿನ ಮಾರ್ಕ್ ಡ್ರಾಬೆನ್‌ಸ್ಟಾಟ್, ಸಹಾಯಧನವನ್ನು ಹೆಚ್ಚು ನಂಬಿದ ಕೌಂಟಿಗಳನ್ನು ಅಧ್ಯಯನ ಮಾಡಿದರು. ಅವುಗಳಲ್ಲಿ ಹೆಚ್ಚಿನವು ಉದ್ಯೋಗದಲ್ಲೂ ಜನಸಂಖ್ಯೆಯಲ್ಲೂ ದೇಶದ ಸರಾಸರಿಗಿಂತ ಹಿಂದೆ ಬಿದ್ದಿದ್ದವು. ಹಣ ಬಂದದ್ದರಿಂದಲೇ ಊರು ಬಡವಾಯಿತು ಎಂದು ಇದರಿಂದ ಹೇಳಲಾಗದು. ಬೇರೆ ಕಸುಬಿಲ್ಲದ ಊರೇ ಸಹಾಯಧನವನ್ನು ಹೆಚ್ಚು ನಂಬಿರುತ್ತದೆ. ಆದರೆ ಎಕರೆಗೆ ಕೊಟ್ಟ ಹಣ ಶಾಲೆ ಉಳಿಸಲಿಲ್ಲ, ಆಸ್ಪತ್ರೆ ಉಳಿಸಲಿಲ್ಲ, ಯುವಕರನ್ನು ನಿಲ್ಲಿಸಲಿಲ್ಲ ಎಂಬುದಂತೂ ಖಚಿತ.

1985ರ ಭೂ ಸಂರಕ್ಷಣಾ ಮೀಸಲು ಯೋಜನೆ ಬೇರೊಂದು ಬಗೆಯದು. ಸವೆಯುವ ಜಮೀನನ್ನು 10ರಿಂದ 15 ವರ್ಷ ಹುಲ್ಲಿಗೆ ಬಿಟ್ಟರೆ ಸರ್ಕಾರ ವರ್ಷಕ್ಕಿಷ್ಟು ಬಾಡಿಗೆ ಕೊಡುತ್ತದೆ. 2007ರಲ್ಲಿ ಇದರಡಿ 3.68 ಕೋಟಿ ಎಕರೆ ಇತ್ತು. ಮಣ್ಣು ನಿಂತಿತು, ಹೊಳೆಗಳ ನೀರು ತಿಳಿಯಾಯಿತು, ಬಾತು ಮತ್ತಿತರ ಹಕ್ಕಿಗಳು ಮರಳಿದವು. ಇಡೀ ಸಹಾಯಧನ ವ್ಯವಸ್ಥೆಯಲ್ಲಿ ಮೆಚ್ಚತಕ್ಕ ಭಾಗ ಇದು. ಆದರೆ ಬಿತ್ತದ ಹೊಲಕ್ಕೆ ಬೀಜ ಬೇಡ, ಗೊಬ್ಬರ ಬೇಡ, ಡೀಸೆಲ್ ಬೇಡ. ಬಾಡಿಗೆ ಪಡೆದವರು ಊರು ಬಿಟ್ಟು ಹೋದರೆ ಅಂಗಡಿಯವನಿಗೆ ಗಿರಾಕಿಯೇ ಇಲ್ಲ. ಕೌಂಟಿಯ ಸಾಗುವಳಿ ಜಮೀನಿನಲ್ಲಿ ಶೇ 25ಕ್ಕಿಂತ ಹೆಚ್ಚನ್ನು ಸೇರಿಸಬಾರದೆಂಬ ನಿಯಮ ಇದಕ್ಕಾಗಿಯೇ ಇದೆ. ಊರಿನ ಬದುಕನ್ನು ಗಮನದಲ್ಲಿಟ್ಟು ಬರೆದ ನಿಯಮ ಎಂಬ ಕಾರಣಕ್ಕೆ ಇದನ್ನು ಎತ್ತಿ ಹೇಳಬೇಕು.

2020ರಲ್ಲಿ ಸುಂಕದ ಪರಿಹಾರ, ಕೋವಿಡ್ ಪರಿಹಾರ ಎಲ್ಲ ಸೇರಿ ರೈತರಿಗೆ ಸರ್ಕಾರ ನೇರವಾಗಿ ಕೊಟ್ಟದ್ದು 4,500 ಕೋಟಿ ಡಾಲರಿಗೂ ಮಿಗಿಲು. 2025ರ ಜುಲೈ 4ರಂದು ಸಹಿಯಾದ ಹೊಸ ಕಾಯ್ದೆ ಮೆಕ್ಕೆಜೋಳದ ಆಧಾರ ಬೆಲೆಯನ್ನು ಬುಷೆಲ್‌ಗೆ 3.70 ಡಾಲರಿನಿಂದ 4.10ಕ್ಕೆ, ಸೋಯಾದ್ದನ್ನು 8.40ರಿಂದ 10 ಡಾಲರಿಗೆ ಏರಿಸಿತು. ತಲಾ ಮಿತಿ 1.25 ಲಕ್ಷ ಡಾಲರಿನಿಂದ 1.55 ಲಕ್ಷಕ್ಕೆ ಹೋಯಿತು. ಹೊಸದಾಗಿ 3 ಕೋಟಿ ಮೂಲ ಎಕರೆಗಳಿಗೂ ಅವಕಾಶವಾಯಿತು. ಅದೇ ವರ್ಷ ಚೀನಾ ಮತ್ತೆ ಸೋಯಾ ಕೊಳ್ಳುವುದು ನಿಲ್ಲಿಸಿದ ಮೇಲೆ ಡಿಸೆಂಬರಿನಲ್ಲಿ ಇನ್ನೂ 1,200 ಕೋಟಿ ಡಾಲರಿನ ನೆರವು ಘೋಷಣೆಯಾಯಿತು.

ಇದರ ಬಿಸಿ ರಾಯಚೂರು, ಹಾವೇರಿಯ ಹತ್ತಿ ಹೊಲಕ್ಕೂ ತಟ್ಟುತ್ತದೆ. ಅಮೆರಿಕದ ಹತ್ತಿ ಸಹಾಯಧನದಿಂದ ಲೋಕದ ಬೆಲೆ ಕುಸಿಯುತ್ತದೆ ಎಂದು ಬ್ರೆಜಿಲ್ 2002ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟು ಗೆದ್ದಿತು. ಅಮೆರಿಕ ತನ್ನ ಯೋಜನೆ ತಿದ್ದುವ ಬದಲು 2010ರಿಂದ ಬ್ರೆಜಿಲ್‌ನ ಹತ್ತಿ ರೈತರಿಗೆ ವರ್ಷಕ್ಕೆ 14.73 ಕೋಟಿ ಡಾಲರ್ ಕೊಡಲು ಒಪ್ಪಿ, 2014ರಲ್ಲಿ 30 ಕೋಟಿ ಡಾಲರ್ ಕೊಟ್ಟು ವ್ಯಾಜ್ಯ ಮುಗಿಸಿತು. ಬೆನಿನ್, ಬುರ್ಕಿನಾ ಫಾಸೊ, ಚಾಡ್, ಮಾಲಿ ದೇಶಗಳ ಬಡ ಹತ್ತಿ ರೈತರು 2003ರಲ್ಲಿ ಎತ್ತಿದ ದನಿಗೆ ಅಂಥ ಪರಿಹಾರ ಸಿಗಲಿಲ್ಲ. ಅದೇ ಅಮೆರಿಕ 2018ರಲ್ಲಿ ಭಾರತದ ಗೋಧಿ, ಭತ್ತ, ಹತ್ತಿಯ ಬೆಂಬಲ ಬೆಲೆ ಮಿತಿ ಮೀರಿದೆ ಎಂದು ಆಕ್ಷೇಪಿಸಿತು. 2025ರ ಆಗಸ್ಟಿನಿಂದ ಡಿಸೆಂಬರಿನವರೆಗೆ ಭಾರತ ಹತ್ತಿಯ ಮೇಲಿನ ಶೇ 11ರ ಆಮದು ಸುಂಕ ತೆಗೆದಾಗ, ಕ್ವಿಂಟಲಿಗೆ 8,110 ರೂಪಾಯಿ ಬೆಂಬಲ ಬೆಲೆ ನಂಬಿದ ನಮ್ಮ ರೈತ ಎದುರಿಸಬೇಕಾದದ್ದು ಸಹಾಯಧನದ ಬಲವಿರುವ ಹತ್ತಿಯನ್ನೂ.

ಟೈರೋನ್ಸಾದವರು ಕೇಳಿದ ಪ್ರಶ್ನೆ ನಮ್ಮಲ್ಲೂ ಇದೆ. 2019ರಲ್ಲಿ ಆರಂಭವಾದ ಪಿಎಂ ಕಿಸಾನ್‌ನ ವರ್ಷಕ್ಕೆ 6,000 ರೂಪಾಯಿ ಸಿಗುವುದು ಜಮೀನು ಹೆಸರಿನಲ್ಲಿರುವ ಕುಟುಂಬಕ್ಕೆ. ಕರ್ನಾಟಕದಲ್ಲಿ 1974ರ ಭೂ ಸುಧಾರಣೆಯ ನಂತರ ಗೇಣಿ ಕೊಡುವುದೇ ನಿಷಿದ್ಧ, ಕೆಲವು ವಿನಾಯಿತಿ ಬಿಟ್ಟರೆ. ಹಾಗಾಗಿ ಲಾವಣಿ, ಪಾಲು, ಕೋರು ಎಲ್ಲವೂ ಬಾಯಿಮಾತಿನಲ್ಲೇ ನಡೆಯುತ್ತವೆ. ಬಿತ್ತಿ, ಕಳೆ ತೆಗೆದು, ಸಾಲ ಹೊತ್ತವನ ಬಳಿ ಒಂದು ಚೀಟಿಯೂ ಇರುವುದಿಲ್ಲ. ಪರಿಹಾರವೂ ಬೆಳೆ ವಿಮೆಯೂ ಪಹಣಿಯಲ್ಲಿ ಹೆಸರಿದ್ದವನ ಖಾತೆಗೆ ಹೋಗುತ್ತವೆ. ಆಂಧ್ರಪ್ರದೇಶ 2019ರ ಕಾಯ್ದೆಯಲ್ಲಿ ಸಾಗುವಳಿದಾರನಿಗೆ 11 ತಿಂಗಳ ಕಾರ್ಡು ಕೊಡುವ ದಾರಿ ಹುಡುಕಿತು. ಅದರಿಂದ ಒಡೆಯನ ಹಕ್ಕಿಗೆ ಚ್ಯುತಿ ಬರುವುದಿಲ್ಲ. ಒಡೆಯನ ಸಹಿ ಬೇಕೆಂಬ ಷರತ್ತು ಅದರ ದೌರ್ಬಲ್ಯ. ಕರ್ನಾಟಕದಲ್ಲಿ ಪ್ರತಿ ಹಂಗಾಮಿನಲ್ಲೂ ಮೊಬೈಲ್ ಆ್ಯಪ್ ಮೂಲಕ ಬೆಳೆ ಸಮೀಕ್ಷೆ ನಡೆಯುತ್ತಿದೆ. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಎಂದು ಬರೆದುಕೊಳ್ಳುವ ಆ ಸಮೀಕ್ಷೆ, ಒಡೆಯನ ಹಕ್ಕಿಗೆ ಧಕ್ಕೆಯಿಲ್ಲದಂತೆ ಅದನ್ನು ಬೆಳೆದವರು ಯಾರು ಎಂಬುದನ್ನೂ ಬರೆದುಕೊಳ್ಳಬೇಕು. ಬರ, ನೆರೆಯ ಪರಿಹಾರವನ್ನು ಆ ಹೆಸರಿಗೇ ಕೊಡಲು ವಿಧಾನಸಭೆ ಕಾನೂನು ಮಾಡಬೇಕು. ಮುಂದಿನ ಗ್ರಾಮಸಭೆಯಲ್ಲಿ ಫಲಾನುಭವಿಗಳ ಪಟ್ಟಿ ಓದುವಾಗ, ಹೊಲದಲ್ಲಿ ದುಡಿದವರ ಹೆಸರು ಅದರಲ್ಲಿದೆಯೇ ಎಂದು ಓದುಗರು ಎದ್ದು ನಿಂತು ಕೇಳಲಿ.